ದುಡ್ಡು ಕೊಡುವವರೇ ಪಾಠವನ್ನೂ ನಿರ್ಧರಿಸಬೇಕೇ?

ಬ್ರಹ್ಮಾವರದ ನಿವೃತ್ತ ಹೈಸ್ಕೂಲ್ ಮಾಷ್ಟ್ರೊಬ್ಬರು ಬರೆದ ಪತ್ರದ ಸಾರ:

“ಕಳೆದ ಸಂಚಿಕೆಯಲ್ಲಿ ಅಮೆರಿಕದ ಫ್ಲೋರಿಡಾದ ನ್ಯೂ ಕಾಲೇಜ್ ಬಗ್ಗೆ ಅಷ್ಟುದ್ದ ಲೇಖನ ಹಾಕಿದ್ದೀರಿ. ಅಲ್ಲಿ ನಡೆದದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ತೆರಿಗೆ ದುಡ್ಡಿನ ಕಾಲೇಜು. ಜನ ಆರಿಸಿದ ಗವರ್ನರ್ ಅದರ ಆಡಳಿತ ಮಂಡಳಿಯಲ್ಲಿ ತನಗೆ ಸರಿ ಕಂಡವರನ್ನು ಕೂರಿಸಿದರು. ಅದಕ್ಕೆ ಯಾಕೆ ಇಷ್ಟು ಬೊಬ್ಬೆ? ಅದು ಬಿಟ್ಟು ನಮ್ಮೂರಿನದ್ದು ಬರೆಯಿರಿ. ನನ್ನ ಮೊಮ್ಮಕ್ಕಳಿಬ್ಬರು ಒಂದೇ ಸರ್ಕಾರಿ ಕಾಲೇಜಿನಲ್ಲಿ ಬಿಎಗೆ ಸೇರಿದರು. ದೊಡ್ಡವಳು 2023ರಲ್ಲಿ, ಸಣ್ಣವಳು 2024ರಲ್ಲಿ. ಅಕ್ಕನಿಗೆ ಎರಡು ಮುಖ್ಯ ವಿಷಯ, ತಂಗಿಗೆ ಮೂರು. ಅಕ್ಕನ ಪುಸ್ತಕ ತಂಗಿಗೆ ಆಗುವುದಿಲ್ಲ. ಕಾಲೇಜಿನಲ್ಲಿ ಕೇಳಿದರೆ ಯೂನಿವರ್ಸಿಟಿ ಅಂದರು. ಯೂನಿವರ್ಸಿಟಿಯಲ್ಲಿ ಕೇಳಿದರೆ ಸರ್ಕಾರ ಅಂದರು. ಸಿಲೆಬಸ್ ಮಾಡುವವರು ನಿಜಕ್ಕೂ ಯಾರು?”

ಸಂಪಾದಕರ ಉತ್ತರ:

ಮಾಷ್ಟ್ರೇ, ನಮಸ್ಕಾರ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರದ ಮೊದಲರ್ಧಕ್ಕೂ ಎರಡನೇ ಅರ್ಧಕ್ಕೂ ಜಗಳ ಇದೆ. ದುಡ್ಡು ಕೊಡುವ ಸರ್ಕಾರವೇ ಕಾಲೇಜಿನ ಪಾಠವನ್ನೂ ನಿರ್ಧರಿಸಲಿ ಅನ್ನುತ್ತೀರಿ. ನಮ್ಮಲ್ಲಿ ಸರ್ಕಾರ ಹಾಗೆಯೇ ಮಾಡಿದಾಗ ಮೊಮ್ಮಕ್ಕಳ ಪರವಾಗಿ ಸಿಟ್ಟಾಗುತ್ತೀರಿ. ನನಗೆ ನಿಮ್ಮ ಸಿಟ್ಟೇ ಜಾಸ್ತಿ ಸರಿ ಅನ್ನಿಸುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಿಲೆಬಸ್ ಮಾಡುವವರು ಯಾರು? ಕಾಗದದ ಮೇಲೆ ಉತ್ತರ ಸುಲಭ. ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಶುರುವಾದದ್ದು. ಈಗ ಅದು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ. ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇದೆ. ಎಲ್ಲರೂ ಬಿಒಎಸ್ ಅನ್ನುವುದು ಇದನ್ನೇ. ಆ ವಿಷಯ ಕಲಿಸುವವರು ಅಲ್ಲಿ ಕೂತು ಸಿಲೆಬಸ್ ಬರೆಯಬೇಕು. ಅದು ಶೈಕ್ಷಣಿಕ ಮಂಡಳಿಗೆ ಹೋಗಬೇಕು, ಅಲ್ಲಿ ಒಪ್ಪಿಗೆ ಸಿಗಬೇಕು. ಹಣಕಾಸು, ನೇಮಕಾತಿ, ಆಡಳಿತ ಎಲ್ಲ ಸಿಂಡಿಕೇಟಿನದ್ದು. ಅಲ್ಲಿ ಸರ್ಕಾರ ನೇಮಿಸಿದ ಸದಸ್ಯರೂ ಇರುತ್ತಾರೆ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಅಂದರೆ ಸರ್ಕಾರಕ್ಕೆ ಮೇಲಿನ ಅಂತಸ್ತಿನಲ್ಲಿ ಜಾಗ ಕೊಟ್ಟು, ಸಿಲೆಬಸ್ ಬರೆಯುವ ಕೆಲಸವನ್ನು ಕೆಳಗಿನ ಅಂತಸ್ತಿಗೆ ಬಿಟ್ಟ ಏರ್ಪಾಡು ಇದು. ಕಾಯ್ದೆ ಬರೆದವರಿಗೆ ಬುದ್ಧಿ ಇತ್ತು.

ಆದರೆ ಆದದ್ದೇ ಬೇರೆ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಿಗೆ ತಂದಿತು. ದೇಶಕ್ಕೇ ಮೊದಲು ಎಂಬ ಹೆಮ್ಮೆ ಬೇರೆ. ಕೋವಿಡ್ ಗಲಾಟೆ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನಲ್ಲಿ ಉನ್ನತ ಶಿಕ್ಷಣ ಪರಿಷತ್ತಿನ ಕೈಕೆಳಗೆ ವಿಷಯವಾರು ಸಮಿತಿಗಳು ಮಾದರಿ ಪಠ್ಯಕ್ರಮ ಮಾಡಿದವು. ವಿಶ್ವವಿದ್ಯಾಲಯಗಳು ಅದನ್ನು ಅಲ್ಪಸ್ವಲ್ಪ ತಿದ್ದಿ ತೆಗೆದುಕೊಂಡವು. ಕೊಣಾಜೆಯ ಅಧ್ಯಯನ ಮಂಡಳಿಗಳಿಗೆ ಉಳಿದದ್ದು ಮೊಹರು ಒತ್ತುವ ಕೆಲಸ. 2019–20ರಲ್ಲಿ ನಮ್ಮ ವಿಶ್ವವಿದ್ಯಾಲಯ ಸಿಬಿಸಿಎಸ್ ಅಂತ, ಅಂದರೆ ಆಯ್ಕೆ ಆಧಾರಿತ ಕ್ರೆಡಿಟ್ ಅಂತ, ಇನ್ನೊಂದು ಪದ್ಧತಿ ತಂದಿತ್ತು. ಆ ಮೊದಲ ಬ್ಯಾಚ್ ಡಿಗ್ರಿ ಮುಗಿಸುವ ಮೊದಲೇ ಇದು ಬಂತು.

ಆಮೇಲೆ ಸರ್ಕಾರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಆಯೋಗದ ಕೊನೆಯ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಆದರೆ ಮಧ್ಯಂತರ ವರದಿ ಹಿಡಿದುಕೊಂಡೇ 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು. ನಾಲ್ಕು ವರ್ಷದ ಡಿಗ್ರಿ ಹೋಗಿ ಮತ್ತೆ ಮೂರು ವರ್ಷ ಆಯಿತು. ಎರಡು ಮುಖ್ಯ ವಿಷಯ ಹೋಗಿ ಮತ್ತೆ ಮೂರು ಆಯಿತು. ನಿಮ್ಮ ಮೊಮ್ಮಕ್ಕಳ ನಡುವೆ ಬಿದ್ದ ಗೆರೆ ಇದೇ. ಅಕ್ಕ ಆ ಕಡೆ, ತಂಗಿ ಈ ಕಡೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನ ಉತ್ತರ ಯಾವ ಪಕ್ಷಕ್ಕೂ ಹಿಡಿಸಲಿಕ್ಕಿಲ್ಲ. 2021ರ ಪದ್ಧತಿಯ ಓಪನ್ ಇಲೆಕ್ಟಿವ್ ನನಗೆ ಇಷ್ಟವಾಗಿತ್ತು. ಬಿಕಾಂ ಹುಡುಗ ಇತಿಹಾಸದ ಒಂದು ಪೇಪರ್ ಓದುವುದು, ಬಿಎಸ್ಸಿ ಹುಡುಗಿ ಕನ್ನಡ ವಿಭಾಗದ ಕ್ಲಾಸಿಗೆ ಬಂದು ಕೂರುವುದು ಒಳ್ಳೆಯದೇ ಅಲ್ವಾ? ಆದರೆ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಒಟ್ಟಿಗೆ ಓದುವ ನಮ್ಮ ಹಳೆಯ ಬಿಎ ಅದರಲ್ಲಿ ಮುರಿದುಬಿತ್ತು. ಮೂರರಲ್ಲಿ ಒಂದನ್ನು ಬಿಡಲೇಬೇಕಿತ್ತು. ಸಣ್ಣ ಕಾಲೇಜುಗಳಲ್ಲಿ ಬಿಟ್ಟ ವಿಷಯದ ಮೇಷ್ಟ್ರಿಗೆ ಕ್ಲಾಸೇ ಕಡಿಮೆಯಾಯಿತು. ಇದನ್ನು ಸರಿಮಾಡಬೇಕಿತ್ತು, ಸರಿ. ಅದಕ್ಕಾಗಿ ಇಡೀ ಚೌಕಟ್ಟನ್ನೇ ಕಿತ್ತು ಮತ್ತೆ ಕಟ್ಟಬೇಕಿರಲಿಲ್ಲ. ಅವಸರದ ಇನ್ನೊಂದು ಫಲ ನಿಮಗೆ ನೆನಪಿರಬಹುದು. ಡಿಗ್ರಿಯಲ್ಲಿ ಕನ್ನಡ ಕಡ್ಡಾಯ ಎಂಬ ಆದೇಶ ಹೈಕೋರ್ಟಿಗೆ ಹೋಯಿತು. 2021ರ ಡಿಸೆಂಬರ್‌ನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಯಾರನ್ನೂ ಒತ್ತಾಯಿಸುವಂತಿಲ್ಲ ಅಂತ ಹೇಳಿತು.

ಈಗ ಫ್ಲೋರಿಡಾಕ್ಕೆ ಬರುತ್ತೇನೆ. ನ್ಯೂ ಕಾಲೇಜ್ ಇರುವುದು ಸರಸೋಟಾದಲ್ಲಿ. 1960ರಲ್ಲಿ ಖಾಸಗಿಯಾಗಿ ಹುಟ್ಟಿತು. ಕೈಯಲ್ಲಿ ದುಡ್ಡು ಮುಗಿದ ಮೇಲೆ 1975ರಲ್ಲಿ ಸರ್ಕಾರಿ ವ್ಯವಸ್ಥೆಗೆ ಸೇರಿತು. 2001ರಲ್ಲಿ ಸ್ವತಂತ್ರ ಸರ್ಕಾರಿ ಕಾಲೇಜಾಯಿತು. ಅಲ್ಲಿ ಮಾರ್ಕು, ಗ್ರೇಡು ಇರಲಿಲ್ಲ. ಮೇಷ್ಟ್ರು ಪ್ರತಿ ವಿದ್ಯಾರ್ಥಿಯ ಕೆಲಸದ ಬಗ್ಗೆ ಬರೆದು ಕೊಡುತ್ತಿದ್ದರು. ಮಕ್ಕಳು 700ರ ಆಸುಪಾಸು. ದಾಖಲಾತಿ ಕಮ್ಮಿ, ಹಾಸ್ಟೆಲ್ ಕಟ್ಟಡಗಳು ಹಾಳು. ಹಾಗಾಗಿ ಸುಧಾರಣೆ ಬೇಕು ಅಂದವರ ಮಾತು ಸುಮ್ನೆ ಹೇಳಿದ್ದಲ್ಲ. ಅದನ್ನು ನಾನು ಒಪ್ಪುತ್ತೇನೆ.

2023ರ ಜನವರಿ ಮೊದಲ ವಾರ ಗವರ್ನರ್ ರಾನ್ ಡಿಸ್ಯಾಂಟಿಸ್ ಕಾಲೇಜಿನ ಆಡಳಿತ ಮಂಡಳಿಗೆ ಒಂದೇ ಸಲಕ್ಕೆ ಆರು ಟ್ರಸ್ಟಿಗಳನ್ನು ನೇಮಿಸಿದರು. ಆ ಮಂಡಳಿಯಲ್ಲಿರುವುದೇ 13 ಜನ. ಅದರಲ್ಲಿ ಅಧ್ಯಾಪಕರ ಪ್ರತಿನಿಧಿ ಒಬ್ಬರು, ವಿದ್ಯಾರ್ಥಿಗಳ ಪ್ರತಿನಿಧಿ ಒಬ್ಬರು. ತಿಂಗಳು ಮುಗಿಯುವುದರೊಳಗೆ ಕಾಲೇಜಿನ ಅಧ್ಯಕ್ಷೆ ಪೆಟ್ರೀಷಿಯಾ ಓಕರ್ ಅವರನ್ನು ಮಂಡಳಿ ತೆಗೆದುಹಾಕಿತು. ರಾಜ್ಯ ವಿಧಾನಸಭೆಯ ಸ್ಪೀಕರ್ ಆಗಿದ್ದ ರಿಚರ್ಡ್ ಕೊರ್ಕೊರನ್ ಆ ಜಾಗಕ್ಕೆ ಬಂದರು. ಏಪ್ರಿಲ್‌ನಲ್ಲಿ ಐವರು ಅಧ್ಯಾಪಕರಿಗೆ ಕಾಯಂ ಹುದ್ದೆ ಕೊಡುವುದಿಲ್ಲ ಅಂತ ಮಂಡಳಿ ಹೇಳಿತು. ಕಾಲೇಜಿನೊಳಗಿನ ಪರಿಶೀಲನೆಯಲ್ಲಿ ಅವರು ಅದಾಗಲೇ ಪಾಸಾಗಿದ್ದರು. ಅದೇ ಸಭೆಯಲ್ಲಿ ಅಧ್ಯಾಪಕರ ಪ್ರತಿನಿಧಿ ರಾಜೀನಾಮೆ ಕೊಟ್ಟು ಎದ್ದರು. ಆಗಸ್ಟ್‌ನಲ್ಲಿ ಜೆಂಡರ್ ಸ್ಟಡೀಸ್ ವಿಭಾಗ ಮುಚ್ಚುವ ತೀರ್ಮಾನವಾಯಿತು. ಆ ವರ್ಷ ಸುಮಾರು ಮೂರರಲ್ಲಿ ಒಂದು ಪಾಲು ಅಧ್ಯಾಪಕರು ಕಾಲೇಜು ಬಿಟ್ಟರು. ಹೊಸ ಪಠ್ಯಕ್ರಮದಲ್ಲಿ ಎಲ್ಲರೂ ಗ್ರೀಕ್ ಮಹಾಕಾವ್ಯ ಓದಬೇಕು ಅಂತ ಬಂತು. ಓದಲಿ, ನಾನೇನು ಬೇಡ ಅನ್ನುವುದಿಲ್ಲ.

ದುಡ್ಡು ಯಾರದ್ದು ಎಂಬ ನಿಮ್ಮ ಪ್ರಶ್ನೆ ಸಣ್ಣದಲ್ಲ. ಎಷ್ಟು ಹುದ್ದೆ, ಎಷ್ಟು ಫೀಸು, ಯಾರಿಗೆ ಮೀಸಲಾತಿ, ಲೆಕ್ಕ ಸರಿ ಇದೆಯೇ? ಇವೆಲ್ಲ ಸರ್ಕಾರದ ಕೆಲಸವೇ. ಮಕ್ಕಳು ಬರುತ್ತಿಲ್ಲ, ಏನು ಮಾಡುತ್ತೀರಿ ಅಂತ ಕೇಳುವ ಹಕ್ಕೂ ಇದೆ. ಆದರೆ ಯಕ್ಷಗಾನ ಮೇಳದ ಯಜಮಾನರು ದುಡ್ಡು ಹಾಕುತ್ತಾರೆ, ತಿರುಗಾಟ ಗೊತ್ತುಮಾಡುತ್ತಾರೆ. ಆಟ ನಡೆಯುವಾಗ ಭಾಗವತರ ಕೈಯಿಂದ ಜಾಗಟೆ ಕಿತ್ತುಕೊಂಡು ತಾವೇ ಪದ ಹೇಳುವುದಿಲ್ಲ. ಇನ್ನೊಂದು ವಿಷಯ. ಚುನಾಯಿತ ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗಬಹುದು, ಬದಲಾಗಬೇಕಾದದ್ದೇ. ಒಂದು ಸಿಲೆಬಸ್ಸಿಗೆ ಪುಸ್ತಕ ಬರೆಸಿ, ಪಾಠ ಮಾಡಿ, ಪರೀಕ್ಷೆ ಮಾಡಿ, ಎಲ್ಲಿ ಎಡವಿತು ಅಂತ ಗೊತ್ತಾಗುವುದಕ್ಕೇ ಮೂರ್ನಾಲ್ಕು ವರ್ಷ ಬೇಕು. ಈ ಎರಡು ಕಾಲಗಳನ್ನು ಒಂದಕ್ಕೊಂದು ಕಟ್ಟಿಹಾಕಿದರೆ ಯಾವ ಪಾಠವೂ ಪೂರ್ತಿ ಪರೀಕ್ಷೆಗೆ ಒಳಗಾಗುವುದಿಲ್ಲ. ನಮ್ಮಲ್ಲಿ ಒಂದು ಪಕ್ಷ ತಂದಿತು, ಇನ್ನೊಂದು ತೆಗೆಯಿತು. ಇಬ್ಬರೂ ಮಾಡಿದ ರೀತಿ ಒಂದೇ.

ಫ್ಲೋರಿಡಾದಲ್ಲಿ ಬಾಗಿಲು ಮುರಿದು ಒಳಗೆ ಬಂದರು, ಹಾಗಾಗಿ ಸುದ್ದಿಯಾಯಿತು. ನಮ್ಮಲ್ಲಿ ಬಾಗಿಲು ಮುರಿಯುವ ಅಗತ್ಯವೇ ಬೀಳಲಿಲ್ಲ. ಸಿಲೆಬಸ್ ಬರೆಯುವ ಕೋಣೆಯಲ್ಲಿ ಇರಬೇಕಾದವರಲ್ಲಿ ಹೆಚ್ಚಿನವರಿಗೆ ಅಲ್ಲಿ ಕುರ್ಚಿಯೇ ಇಲ್ಲ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರು 10,000ಕ್ಕೂ ಹೆಚ್ಚು. ಮಂಗಳೂರಿನ ಕಾರ್‌ಸ್ಟ್ರೀಟಿನ ಕಾಲೇಜಿರಲಿ, ಉಡುಪಿ ಹತ್ತಿರದ ತೆಂಕನಿಡಿಯೂರಿನದ್ದಿರಲಿ, ಸರ್ಕಾರಿ ಕಾಲೇಜು ಅವರನ್ನು ಬಿಟ್ಟು ನಡೆಯುವುದು ಕಷ್ಟ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಕ್ಲಾಸಿನ ಲೆಕ್ಕದ ಮೇಲೆ ಕೆಲಸ. ಸಿಲೆಬಸ್ಸಿನಲ್ಲಿ ಒಂದು ಪೇಪರ್ ಹೋದರೆ ಇವರ ಮನೆಯ ಅಕ್ಕಿಯೂ ಹೋಯಿತು. 2023ರ ನವೆಂಬರ್‌ನಲ್ಲಿ ರಾಜ್ಯದುದ್ದಕ್ಕೂ ಕ್ಲಾಸು ಬಿಟ್ಟು ಕೂತರು. ಗೌರವಧನ ಸ್ವಲ್ಪ ಏರಿತು, ಕೆಲಸ ಕಾಯಂ ಆಗಲಿಲ್ಲ. ಅಧ್ಯಯನ ಮಂಡಳಿಯಲ್ಲಿ ಕೂರುವವರು ಸಾಮಾನ್ಯವಾಗಿ ಕಾಯಂ ಅಧ್ಯಾಪಕರು. ಯಾವ ಪೇಪರ್ ಮಕ್ಕಳಿಗೆ ಹತ್ತುತ್ತದೆ, ಯಾವುದು ತಲೆಗೆ ಹೋಗುವುದಿಲ್ಲ, ಯಾವ ಪುಸ್ತಕ ಸೆಮಿಸ್ಟರ್ ಅರ್ಧ ಮುಗಿದ ಮೇಲೆ ಬರುತ್ತದೆ ಅಂತ ಗೊತ್ತಿರುವವರನ್ನು ಯಾರೂ ಕೇಳುವುದಿಲ್ಲ.

ಖಾಸಗಿಯವರ ಕತೆ ಬೇರೆ. ಮಂಗಳೂರಿನ ಸೇಂಟ್ ಅಲೋಶಿಯಸ್‌ಗೆ 2007ರಲ್ಲೇ ಸ್ವಾಯತ್ತತೆ ಸಿಕ್ಕಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸ್ವಾಯತ್ತ ಕಾಲೇಜಿಗೆ ಅದರದ್ದೇ ಅಧ್ಯಯನ ಮಂಡಳಿ ಇರುತ್ತದೆ. ಹೊರಗಿನ ತಜ್ಞರೂ ಹಳೆಯ ವಿದ್ಯಾರ್ಥಿಗಳೂ ಅದರಲ್ಲಿ ಇರಬೇಕು ಅಂತ ಯುಜಿಸಿ ನಿಯಮವೇ ಹೇಳುತ್ತದೆ. ಫೀಸು ಕಟ್ಟಬಲ್ಲವರ ಮಕ್ಕಳಿಗೆ ತಮ್ಮ ಮೇಷ್ಟ್ರೇ ಯೋಚಿಸಿ ಮಾಡಿದ ಪಾಠ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಆದೇಶದಲ್ಲಿ ಬಂದ ಪಾಠ. ನನಗೆ ಸಿಟ್ಟು ಬರುವುದು ಇಲ್ಲಿ. ಕೆಳಗಿನಿಂದ ಯೋಚನೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಹಂಪನಕಟ್ಟೆಯ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಶುರುವಾದ ತುಳು ಎಂಎ ನೋಡಿ. ಬೆಂಗಳೂರಿನ ಮಾದರಿ ಪಠ್ಯಕ್ರಮಕ್ಕೆ ಅದು ಹೊಳೆಯುವ ವಿಷಯವೇ ಅಲ್ಲ.

ಇನ್ನು, ನೀವು ಏನು ಮಾಡಬಹುದು? ಮೊಮ್ಮಕ್ಕಳ ಕಾಲೇಜಿನಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ, ಶಾಸಕರು ಅಧ್ಯಕ್ಷರು. ಅದಕ್ಕೆ ಬರೆದು ಪ್ರಯೋಜನವಿಲ್ಲ. ಕಟ್ಟಡ, ಶೌಚಾಲಯ, ಬೆಂಚು ಬೇಕಾದರೆ ಬರೆಯಿರಿ, ಸಿಲೆಬಸ್ ಅವರ ವ್ಯಾಪ್ತಿಯದ್ದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಪಠ್ಯಕ್ರಮದ ಬಗ್ಗೆ ಹೆತ್ತವರ ಅಭಿಪ್ರಾಯ ಅಂತ ಒಂದು ಫಾರಂ ತುಂಬಿಸುತ್ತಾರೆ. ಎಲ್ಲರೂ “ತೃಪ್ತಿಕರ” ಅಂತ ಗುರುತು ಹಾಕಿ ಕೊಡುತ್ತಾರೆ. ನೀವು ಹಾಗೆ ಮಾಡಬೇಡಿ. ಪತ್ರದಲ್ಲಿ ಬರೆದದ್ದನ್ನೇ ಅದರಲ್ಲೂ ಬರೆಯಿರಿ. ಅದು ದಾಖಲೆಯಾಗಿ ಉಳಿಯುತ್ತದೆ. ಆಯಾ ವಿಷಯದ ಅಧ್ಯಯನ ಮಂಡಳಿಯಲ್ಲಿ ಯಾರಿದ್ದಾರೆ, ಈಗಿನ ಸಿಲೆಬಸ್ ಒಪ್ಪಿದ ಸಭೆಯ ನಡಾವಳಿ ಏನು ಅಂತ ಮಾಹಿತಿ ಹಕ್ಕಿನಲ್ಲಿ ಕೊಣಾಜೆಗೆ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಸಭೆಯಲ್ಲಿ ಎಷ್ಟು ಚರ್ಚೆ ಆಯಿತು ಅಂತ ಆ ನಡಾವಳಿ ನೋಡಿದರೆ ಗೊತ್ತಾಗುತ್ತದೆ. ಸಿಕ್ಕಿದ್ದನ್ನು ನಮಗೂ ಒಂದು ಪ್ರತಿ ಕಳಿಸಿ.

ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅತಿಥಿ ಉಪನ್ಯಾಸಕರಿಗೇ ಬಿಡುತ್ತಿದ್ದೇವೆ. ತಮ್ಮ ವಿಷಯದ ಒಂದು ಪೇಪರನ್ನು ತಾವೇ ರೂಪಿಸುವುದಾದರೆ ಹೇಗೆ ಮಾಡುತ್ತಾರೆ ಅಂತ ಬರೆಯಲಿ. ನಿಮಗೆ ಪರಿಚಯದವರಿದ್ದರೆ ದಯವಿಟ್ಟು ಹೇಳಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ.