ಹಳೆಯ ಕಾರಿನವರನ್ನು ಮಾತನಾಡಿಸಬಹುದೇ?

"ರಸ್ತೆಯಲ್ಲಿ ಹಳೆಯ ಕಾರು ಕಂಡರೆ ಮಾತನಾಡಿಸುವ ಆಸೆ. ಆದರೆ ನನಗೆ ಕಾರಿನ ಗಂಧಗಾಳಿಯೂ ಇಲ್ಲ. ಮಾಲೀಕರಿಗೆ ಕಿರಿಕಿರಿಯಾಗುತ್ತದೆಯೇ?" ಎಂದು ಕೇಳಿದ್ದೀರಿ. ಧಾರಾಳವಾಗಿ ಮಾತನಾಡಿಸಿ. ಬಳ್ಳಾರಿಯಲ್ಲಿ 1985ರ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಹಾಕಿಸಲು ಐದು ನಿಮಿಷ, ಮಾತಿಗೆ ಅರ್ಧ ಗಂಟೆ ಎಂದು ಲೆಕ್ಕ ಹಾಕಿಯೇ ಮನೆ ಬಿಡುತ್ತೇನೆ.

ಹೆಚ್ಚಿನವರು "ಅಂಬಾಸಿಡರ್ ಅಲ್ಲವೇ ಸರ್?" ಎಂದೇ ಶುರು ಮಾಡುತ್ತಾರೆ. ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ ಆಗುತ್ತಿತ್ತು, ಇದು ಮುಂಬಯಿಯ ಕುರ್ಲಾದ್ದು, ಮೂಲ ಇಟಲಿಯ ಫಿಯಟ್ ಎಂದು ಮೊದಮೊದಲು ಪಾಠ ಒಪ್ಪಿಸುತ್ತಿದ್ದೆ. ಈಗ ಅವರು ಕೇಳಿದರೆ ಮಾತ್ರ ಹೇಳುತ್ತೇನೆ. ಒಮ್ಮೆ ಡಿಕ್ಕಿಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದ ಹುಡುಗನೊಬ್ಬ "ಪದ್ಮಿನಿ ಎಂದರೆ ನಿಮ್ಮ ಮನೆಯವರೇ ಅಂಕಲ್?" ಎಂದ. ಒಳಗೆ ಕುಳಿತಿದ್ದ ನನ್ನ ಹೆಂಡತಿ, "ಹೌದಪ್ಪ, ನನಗಿಂತ ಮೊದಲೇ ಬಂದವಳು" ಎಂದಳು.

ಏನೂ ತಿಳಿಯದವರಿಂದ ತೊಂದರೆಯಿಲ್ಲ, ಅರ್ಧ ತಿಳಿದವರದ್ದೇ ಕಾಟ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ. 40 ಡಿಗ್ರಿ ದಾಟಿದ ಮಧ್ಯಾಹ್ನ ಹತ್ತು ನಿಮಿಷ ಕಾರು ನಿಲ್ಲಿಸಿದರೆ, ಇಂಜಿನ್ನಿಗೆ ಅಂಟಿಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪಿನಲ್ಲಿ (ಎಸಿ ಎನ್ನುವುದು ಕಂಪನಿಯ ಹೆಸರು) ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಎಳೆಯುವುದು ಅದರ ಕೈಲಾಗದು, ಕಾರು ಸ್ಟಾರ್ಟ್ ಆಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾದರೆ ಮುಗಿಯಿತು. ಆದರೆ ಬಾನೆಟ್ ಎತ್ತಿದ ಕೂಡಲೇ ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಕಿಟಕಿಯೊಳಗೆ ಕೈ ಹಾಕಿ ಚೋಕ್ ಎಳೆಯುತ್ತಾರೆ. ಚೋಕ್ ಇರುವುದು ತಣ್ಣಗಿನ ಇಂಜಿನ್ನಿಗೆ! ಎಸಿ ಪಂಪ್ ಬಿಸಿಯಾಗಿದೆ ಎಂದರೆ, "ಇದಕ್ಕೆ ಎಸಿ ಬೇರೆ ಇದೆಯೇ?" ಎಂದು ಮೂರನೆಯವರ ಪ್ರಶ್ನೆ.

ನನ್ನ ನಿಜವಾದ ಸಿಟ್ಟು ಫೋಟೊಗಾಗಿ ಒರಗುವವರ ಮೇಲೆ. ಬಳ್ಳಾರಿಯ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತದಂತೆ, ಅದರ ಹಿತ್ತಾಳೆ ಗುಂಡಿಗಳು ಮಾತ್ರ ನೇರವಾಗಿ ನನ್ನ ಕಾರಿನ ಬಣ್ಣಕ್ಕೆ ಬರುತ್ತವೆ. ಕೇಳಿ, ನಾನೇ ಬಾಗಿಲು ತೆರೆದು ಕೂರಿಸುತ್ತೇನೆ. ಸ್ಟಿಯರಿಂಗ್ ಪಕ್ಕದ ಗೇರಿನ ಹಿಡಿಯನ್ನು ಒಮ್ಮೆ ಆಡಿಸಿ ನೋಡಿ. "ಎಷ್ಟಕ್ಕೆ ಕೊಡುತ್ತೀರಿ?" ಎಂದು ಮಾತ್ರ ಕೇಳಬೇಡಿ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಬಂಕಿನಲ್ಲಿ, ತಲೆಗೆ ಬಿಳಿ ರುಮಾಲು ಸುತ್ತಿದ್ದ ಸಿರುಗುಪ್ಪದ ಕಡೆಯ ಹಿರಿಯರೊಬ್ಬರು ಕಾರನ್ನು ಎರಡು ಸುತ್ತು ಹಾಕಿ, "ಫಿಯಟ್ ಎನ್ನುತ್ತೀರಿ, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯಬೇಕಲ್ಲ, ಬದಲಾಯಿಸಿದಿರೇನು?" ಎಂದರು. ರೈಸ್ ಮಿಲ್ ಸಾಹುಕಾರರ ಕಾರನ್ನು ಚಿಕ್ಕಂದಿನಲ್ಲಿ ದಿನಾ ತೊಳೆಯುತ್ತಿದ್ದರಂತೆ. "ಅದು ಬೇರೆ ಯಾವುದೋ ಕಾರಿರಬೇಕು ಯಜಮಾನರೇ" ಎಂದು ನಕ್ಕು ಹೊರಟುಬಿಟ್ಟೆ. ಆಮೇಲೆ ಮೆಕ್ಯಾನಿಕ್ ಹೇಳಿದ: 1950ರ ದಶಕದ ಫಿಯಟ್ 1100ರಲ್ಲಿ ಮುಂದಿನ ಬಾಗಿಲಿನ ಕೀಲು ಹಿಂಬದಿಗೇ ಇತ್ತು, ಅದೇ ಕಾರಿನ ಮುಂದಿನ ಪೀಳಿಗೆ ನನ್ನದು. ಕಾರಿನ ಮಾಲೀಕ ನಾನು, ತಿಳಿದಿದ್ದವರು ಅವರು. ಅಂದಿನಿಂದ ಅದೇ ಬಂಕಿಗೆ ಹೋಗುತ್ತೇನೆ. ಆ ಬಿಳಿ ರುಮಾಲು ಇನ್ನೂ ಕಂಡಿಲ್ಲ.