ಪಟ್ಟಣದ ಹೊಳೆದಂಡೆಗೆ ಏನು ಬೇಕು?

ಪ್ರಶ್ನೆ: ಶ್ರೀರಂಗಪಟ್ಟಣದ ಹೊಳೆದಂಡೆಯನ್ನು ಹಾಂಗ್‌ಕಾಂಗಿನ ವೆಸ್ಟ್ ಕೌಲೂನ್ ಥರ ಯಾಕೆ ಕಟ್ಟಬಾರದು? ಸ್ನಾನಘಟ್ಟದಿಂದ ಗಂಜಾಂವರೆಗೆ ಮ್ಯೂಸಿಯಂ, ರಂಗಮಂದಿರ, ಹೋಟೆಲು, ಅಂಗಡಿ, ಫ್ಲ್ಯಾಟು ಎಲ್ಲ ಸಾಲಾಗಿ ಬಂದರೆ ಬೈಪಾಸಿನಿಂದ ಸೊರಗಿದ ಊರು ಚೇತರಿಸಿಕೊಳ್ಳುತ್ತೆ, ಅಲ್ವಾ?
– ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಮಂಡ್ಯ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯ್ತು. ಊರು ಸೊರಗಿದೆ ಅನ್ನುವುದು ನಿಜ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ಪಟ್ಟಣದ ಒಳಗೆ ಬರುವುದೇ ಕಡಿಮೆ. ಹಳೇ ರಸ್ತೆಯನ್ನೇ ನಂಬಿದ್ದ ಹೋಟೆಲು, ಎಳನೀರು, ಕಬ್ಬಿನ ಹಾಲಿನ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಏನಾದರೂ ಮಾಡಲೇಬೇಕು. ಆದರೆ ಅದನ್ನು ಹೊಳೆಯ ಅಂಚಿನಲ್ಲೇ ಕಟ್ಟಬೇಕು ಅಂದರೆ ನಾನು ಒಪ್ಪುವುದಿಲ್ಲ.

ಮೊದಲು ನಿಮ್ಮ ಮಾದರಿಯನ್ನೇ ನೋಡೋಣ. ವೆಸ್ಟ್ ಕೌಲೂನ್ ಅನ್ನೋ ಕಲೆ–ಸಂಸ್ಕೃತಿಯ ಬಡಾವಣೆ ಅಂದರೆ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ಸುಮಾರು 40 ಹೆಕ್ಟೇರ್, ಹತ್ತಿರಹತ್ತಿರ ನೂರು ಎಕರೆ ಜಾಗ. ಎಬ್ಬಿಸಬೇಕಾದ ಹಳೇ ಊರು ಅಲ್ಲಿರಲಿಲ್ಲ. ಇಡೀ ಜಾಗವನ್ನು ಒಬ್ಬನೇ ಬಿಲ್ಡರ್ ಕೈಗೆ ಕೊಡುವ ಮೊದಲ ಯೋಜನೆಗೆ ಅಲ್ಲಿನ ಜನ ತಿರುಗಿಬಿದ್ದರು. 2006ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆಮೇಲೆ 2008ರಲ್ಲಿ 2,160 ಕೋಟಿ ಹಾಂಗ್‌ಕಾಂಗ್ ಡಾಲರ್ ಇಡುಗಂಟು ಕೊಟ್ಟಿತು. ಚೀನೀ ಗೀತನಾಟಕದ ರಂಗಮಂದಿರ 2019ರಲ್ಲಿ, ಎಂ ಪ್ಲಸ್ ಮ್ಯೂಸಿಯಂ 2021ರಲ್ಲಿ, ಅರಮನೆ ಮ್ಯೂಸಿಯಂ 2022ರಲ್ಲಿ ಬಾಗಿಲು ತೆರೆದವು. 23 ಹೆಕ್ಟೇರ್ ಬಯಲನ್ನು ಜನರ ಓಡಾಟಕ್ಕೇ ಮೀಸಲಿಟ್ಟದ್ದು ಮೆಚ್ಚುವಂಥ ಕೆಲಸ. ಇಷ್ಟಾದರೂ ದುಡ್ಡು ಸಾಲಲಿಲ್ಲ. ಅಲ್ಲಿನ ವಸತಿ ಜಾಗ ಮಾರಿ ಖರ್ಚು ಹೊಂದಿಸಿಕೊಳ್ಳಲು 2024ರಲ್ಲಿ ಸರ್ಕಾರ ಒಪ್ಪಿಗೆ ಕೊಡಬೇಕಾಯ್ತು.

ಮಾರೋದಕ್ಕೆ ಪಟ್ಟಣದಲ್ಲಿ ಅಂಥ ಜಾಗ ಎಲ್ಲಿದೆ? ಇಡೀ ದ್ವೀಪ ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಅದರಾಚೆ ಇನ್ನೂರು ಮೀಟರ್‌ವರೆಗೆ ಅನುಮತಿ ಬೇಕು. ಕೋಟೆ, ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್, ಗುಂಬಜ್ ಸುತ್ತ ಈ ಗೆರೆಗಳನ್ನು ಎಳೆದು ನೋಡಿ. ನಿಮ್ಮ ನಕ್ಷೆಯಲ್ಲಿ ಎಷ್ಟು ಉಳಿಯುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಇದಕ್ಕಿಂತ ದೊಡ್ಡ ಮಾತು ನೀರಿನದು. ಹಾಂಗ್‌ಕಾಂಗಿನ ಬಂದರಿನಲ್ಲಿ ನೀರು ಉಬ್ಬರ ಇಳಿತಕ್ಕೆ ತಕ್ಕಂತೆ ಏರಿಳಿಯುತ್ತೆ. ಇಲ್ಲಿ ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಹೊಳೆಯೊಳಗೆ ದೂರ ಹೋಗಬಹುದು. ಕನ್ನಂಬಾಡಿ ಅಣೆಕಟ್ಟು (ಕೆಆರ್‌ಎಸ್) ತುಂಬಿ ಗೇಟು ಎತ್ತಿದರೆ ಅದೇ ಬಂಡೆಗಳು ಕಾಣಿಸುವುದಿಲ್ಲ. 2018, 2019, 2024ರಲ್ಲಿ ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟಾಗ ಏನಾಯ್ತು ಅಂತ ದಂಡೆಯ ಮನೆಯವರನ್ನು ಕೇಳಿ. ಹಳಬರಿಗೆ ಇದು ತಿಳಿದಿತ್ತು. 1804ರಲ್ಲಿ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕೆಳಗೆ ಒಮ್ಮೆ ನಿಂತು ನೋಡಿ. ಕಮಾನೇ ಇಲ್ಲ. ಸಾಲುಸಾಲು ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ನೆರೆ ಕಂಬಗಳ ಸಂದಿಯಲ್ಲಿ ನುಗ್ಗಿ ಹೋಗುತ್ತೆ. ದಂಡೆಯಲ್ಲಿ ಏನೇ ಮಾಡಿದರೂ ಹಾಗಿರಬೇಕು. ಮೆಟ್ಟಿಲು, ಕಲ್ಲುಮಂಟಪ, ಮರದ ನೆರಳು, ಅಷ್ಟೇ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ಕಡೆ ಕಾಂಕ್ರೀಟು ಗೋಡೆ ಕಟ್ಟಿ ನರ್ಮದೆಯ ಕಾಲುವೆ ನೀರು ತುಂಬಿದ್ದಾರೆ. ನೋಡಲು ಚೆಂದ. ನಮಗದು ಬೇಡ. ಮೇಲ್ದಂಡೆಯಲ್ಲೇ ರಂಗನತಿಟ್ಟು ಪಕ್ಷಿಧಾಮ ಇದೆ, 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ (ರಾಮ್ಸಾರ್) ಸೇರಿದ ಜಾಗ. ರಾತ್ರಿಯಿಡೀ ಝಗಮಗಿಸುವ ದೀಪ, ಧ್ವನಿವರ್ಧಕ ಹೊಳೆಗುಂಟ ಬಂದರೆ ಹಕ್ಕಿಗಳಿಗೆ ತೊಂದರೆ ತಪ್ಪಿದ್ದಲ್ಲ.

ಇನ್ನು ಜನ. ನಿಮ್ಮ ಪತ್ರದಲ್ಲಿ ಪ್ರವಾಸಿಗಳಿದ್ದಾರೆ, ದಂಡೆಯನ್ನು ಈಗ ಬಳಸುತ್ತಿರುವವರು ಇಲ್ಲ. ಪಶ್ಚಿಮವಾಹಿನಿಗೆ ಮಹಾಲಯ ಅಮಾವಾಸ್ಯೆ ದಿನ ಹೋಗಿ. ಗಾಂಧೀಜಿಯ ಚಿತಾಭಸ್ಮವನ್ನೂ 1948ರಲ್ಲಿ ಬಿಟ್ಟ ಜಾಗ ಅದು. ತಲೆ ಬೋಳಿಸಿಕೊಂಡ ಮಕ್ಕಳು, ಎಳ್ಳು, ದರ್ಭೆ, ಪಿಂಡ, ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ನಿಂತ ಹೆಂಗಸರು. ಬಟ್ಟೆ ಬದಲಿಸಲು ಮರೆಯಾದ ಜಾಗ ಸಿಕ್ಕರೆ ಪುಣ್ಯ. ತೀರಿಕೊಂಡವರ ಸೀರೆ, ಪಂಚೆ ಬಂಡೆಗಳಿಗೆ ಸುತ್ತಿಕೊಂಡು ಕೊಳೆಯುತ್ತಿರುತ್ತವೆ. ಪುರೋಹಿತರು, ಕ್ಷೌರಿಕರು, ಹೂವಿನವರು, ಸಂಗಮದ ಹರಿಗೋಲಿನವರು, ಇವರೆಲ್ಲರ ಅನ್ನ ಇದೇ ದಂಡೆಯಲ್ಲಿದೆ. ಹೋಟೆಲಿನ ಕಾಂಪೌಂಡು ಬಂದರೆ ಮೊದಲು ಹೊರಗಾಗುವವರು ಇವರೇ. ಹಾಗಾಗಿ ದಂಡೆಯ ದುಡ್ಡೆಲ್ಲ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಬಟ್ಟೆ–ಬೂದಿಗೆ ಬೇರೆ ಕಟ್ಟೆ, ಜಾರದ ಮೆಟ್ಟಿಲು, ಚರಂಡಿ ನೀರು ಹೊಳೆ ಸೇರದಂತೆ ತಡೆಯುವುದು, ಇವಕ್ಕೇ ಹೋಗಲಿ. ಚರಂಡಿ ಕೆಲಸ ಮುಗಿಯುವವರೆಗೆ ಒಂದು ದೀಪದ ಕಂಬವೂ ಬೇಡ.

ಅಂಗಡಿ, ವಸತಿ, ರಂಗಮಂದಿರ ಎಲ್ಲ ಒಂದೇ ಕಡೆ ಇರಬೇಕು ಅನ್ನುವ ನಿಮ್ಮ ಮಿಶ್ರ ಬಳಕೆಯ ಆಲೋಚನೆ ನನಗೆ ತುಂಬಾ ಇಷ್ಟ. ಅದಕ್ಕೆ ಸರಿಯಾದ ಜಾಗ ಹಳೇ ಹೆದ್ದಾರಿ. ವ್ಯಾಪಾರ ಕಳೆದುಕೊಂಡ ಕಟ್ಟಡಗಳಲ್ಲಿ ಕೆಳಗೆ ಅಂಗಡಿ, ಮೇಲೆ ತಂಗುವ ಕೋಣೆ ಮಾಡಬಹುದು. ಮಂಡ್ಯ ಜಿಲ್ಲೆಯ ಊರೂರಲ್ಲಿ ಪೌರಾಣಿಕ ನಾಟಕ ಆಡುವವರಿದ್ದಾರೆ. ಹಾರ್ಮೋನಿಯಂ ಮೇಷ್ಟ್ರ ಜೊತೆ ತಾಲೀಮು ಮಾಡಲು ಅವರಿಗೆ ಒಂದು ಹಾಲ್ ಸಿಕ್ಕಿದರೆ ಸಾಕು. ಪೂಜಾ ಕುಣಿತ, ಸೋಮನ ಕುಣಿತ ದಸರಾ ವೇದಿಕೆಗೆ ಮಾತ್ರ ಯಾಕೆ ಸೀಮಿತವಾಗಬೇಕು? 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ ಊರಲ್ಲಿ ಪ್ರತಿ ಶನಿವಾರ ಒಂದು ಆಟ ನಡೆಯಲಿ. ನೋಡಿದವರು ಅಲ್ಲೇ ಉಂಡು, ಅಲ್ಲೇ ಮಲಗುತ್ತಾರೆ. ಬೆಳಿಗ್ಗೆ ಹೊಳೆಗೆ ನಡೆದೇ ಹೋಗಬಹುದು.

ಒಂದು ಕೋರಿಕೆ. ಕಟ್ಟಡದ ಚಿತ್ರ ಬರೆಯುವ ಮೊದಲು ಸಹಪಾಠಿಗಳ ಜೊತೆ ದಂಡೆಯ ಮನೆಮನೆಗೆ ಹೋಗಿ. ಆ ಮೂರು ನೆರೆಗಳಲ್ಲಿ ನೀರು ಗೋಡೆಯ ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ಅಳತೆ ತೆಗೆದು ನಕ್ಷೆಯಲ್ಲಿ ಗುರುತು ಹಾಕಿ. ಜೊತೆಗೆ ಯಾವ ಮೆಟ್ಟಿಲನ್ನು ಯಾರು, ಯಾವ ಹೊತ್ತಿಗೆ ಬಳಸುತ್ತಾರೆ ಅಂತಲೂ ಬರೆದುಕೊಳ್ಳಿ. ಆ ನಕ್ಷೆ ಕಳಿಸಿದರೆ ನಮ್ಮ ಪತ್ರಿಕೆಯ ನಡುವಿನ ಎರಡು ಪುಟ ಅದಕ್ಕೇ ಮೀಸಲು.