ಮೂರು ಗುಂಡು ಒಂದೇ ಕಡೆ ಬಿದ್ದರೆ ಸಾಕೇ?

ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಸೇನಾ ಆರ್ಮರರ್ (ಬಂದೂಕು ದುರಸ್ತಿಗಾರ) ಒಬ್ಬರ ಉತ್ತರ

ಪ್ರಶ್ನೆ: ನನ್ನ ಭಾವ ನಮೀಬಿಯಾದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ಪರವಾನಗಿ ಪಡೆದು ಕಾಡೆಮ್ಮೆ ಬೇಟೆಗೆ ಹೊರಟಿದ್ದಾರೆ. ತಮ್ಮ .375 ಎಚ್ ಅಂಡ್ ಎಚ್ ರೈಫಲ್ಲಿಗೆ ಕಾಡತೂಸುಗಳನ್ನು ತಾವೇ ತುಂಬಿಕೊಂಡಿದ್ದಾರೆ. ನೂರು ಮೀಟರಿಗೆ ಮೂರು ಗುಂಡು ಒಂದು ಇಂಚಿನೊಳಗೆ ಬಿದ್ದವಂತೆ. 'ಪರೀಕ್ಷೆ ಮುಗೀತು' ಅನ್ನುತ್ತಾರೆ. ಅಷ್ಟು ಸಾಕೇ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸಾಕಾಗುವುದಿಲ್ಲ. ಇವತ್ತೇ ಭಾವನಿಗೆ ಫೋನ್ ಮಾಡಿ.

ಗುಂಡುಗಳು ಹತ್ತಿರ ಬಿದ್ದಿದ್ದು ಒಳ್ಳೆಯದೇ. ಆದರೆ ಮೂರೇ ಗುಂಡು ಅದೃಷ್ಟದಿಂದಲೂ ಹಾಗೆ ಬೀಳಬಹುದು. ಮೇಲಾಗಿ ಕಾಡೆಮ್ಮೆಗೆ ಸಾಮಾನ್ಯವಾಗಿ ನೂರು ಮೀಟರಿಗಿಂತ ಹತ್ತಿರದಿಂದಲೇ ಹೊಡೆಯುತ್ತಾರೆ. ಅಲ್ಲಿ ಒಂದಿಂಚೋ ಎರಡಿಂಚೋ ಅನ್ನುವುದು ದೊಡ್ಡ ಮಾತಲ್ಲ. ಗಾಯಗೊಂಡ ಪ್ರಾಣಿ ತಿರುಗಿ ಬಂದಾಗ ಹೊಡೆದ ಕಾಡತೂಸಿನ ಕೇಸ್ (ಖಾಲಿ ಹಿತ್ತಾಳೆ ಕೊಳವೆ) ಹೊರಗೆ ಬರಬೇಕು, ಎರಡನೆಯ ಕಾಡತೂಸು ಒಳಗೆ ಹೋಗಬೇಕು. ಪರೀಕ್ಷೆ ಮಾಡಬೇಕಾದ್ದು ಮುಖ್ಯವಾಗಿ ಇದನ್ನು. ಸೇನೆಯಲ್ಲಿ ನನ್ನ ಬೆಂಚಿಗೆ ಬರುತ್ತಿದ್ದ ರೈಫಲ್ಲುಗಳಲ್ಲೂ 'ಗುರಿ ತಪ್ಪುತ್ತೆ' ಅನ್ನುವ ದೂರಿಗಿಂತ 'ಸಿಕ್ಕಿಕೊಳ್ಳುತ್ತೆ' ಅನ್ನುವ ದೂರೇ ಜಾಸ್ತಿ.

ಈಗಿನ ಮದ್ದಿನ ತೂಕಕ್ಕೆ ಹೇಗೆ ಬಂದರು ಅಂತ ಮೊದಲು ಕೇಳಿ. ಮದ್ದು ಕಂಪನಿಯ ಕೈಪಿಡಿಯಲ್ಲಿ ಆರಂಭದ ತೂಕ, ಗರಿಷ್ಠ ತೂಕ ಎರಡೂ ಇರುತ್ತವೆ. ಕೆಳಗಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಹಂತದಲ್ಲೂ ಹೊಡೆದು ನೋಡಬೇಕು. ಬೇರೆಯವರ ರೈಫಲ್ಲಿಗೆ ಸರಿಹೋದ ತೂಕ ಇವರದಕ್ಕೆ ಹೆಚ್ಚಾಗಬಹುದು. ಬೋಲ್ಟ್ (ಕೈಯಿಂದ ಎತ್ತಿ ಎಳೆಯುವ ಅಗುಳಿ) ಎತ್ತಲು ಬಿಗಿಯಾಗುವುದು, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ, ಕೇಸಿನ ತಳದ ಬಿಲ್ಲೆ) ಚಪ್ಪಟೆಯಾಗುವುದು, ಕೇಸಿನ ತಳದಲ್ಲಿ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಎಸೆಯುವ ಭಾಗದ) ಹೊಳಪು ಗುರುತು ಬೀಳುವುದು ಒತ್ತಡ ಹೆಚ್ಚಿದ ಲಕ್ಷಣ. ಆದರೆ ಇವು ತಡವಾಗಿ ಕಾಣಿಸುತ್ತವೆ. ಅದಕ್ಕೇ ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಬೇಕೇ ಬೇಕು. ಈ ರೈಫಲ್ಲಿನಲ್ಲಿ 300 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,500 ಅಡಿಯ ಆಸುಪಾಸಿನಲ್ಲಿ ಹೋಗುತ್ತದೆ. ಕೈಪಿಡಿಯ ಗರಿಷ್ಠ ವೇಗವನ್ನು ದಾಟಿತು ಅಂದರೆ ಒತ್ತಡವೂ ದಾಟಿದೆ. ಆಗ ಪ್ರೈಮರ್ ಚೆನ್ನಾಗಿ ಕಂಡರೂ ನಂಬಬಾರದು.

ಆಮೇಲೆ ಮ್ಯಾಗಜಿನ್ (ರೈಫಲ್ಲಿನಲ್ಲಿ ಕಾಡತೂಸು ತುಂಬಿಡುವ ಭಾಗ) ಪರೀಕ್ಷೆ. ಬಹಳ ಜನ ಬಿಡುವುದು ಇದನ್ನೇ. ದೊಡ್ಡ ರೈಫಲ್ಲು ಪ್ರತಿ ಸಲ ಒದ್ದಾಗ ಮ್ಯಾಗಜಿನ್ನಿನಲ್ಲಿ ಉಳಿದ ಕಾಡತೂಸುಗಳೂ ಜೋರಾಗಿ ಬಡಿದುಕೊಳ್ಳುತ್ತವೆ. ಕೇಸಿನ ಬಾಯಿ ಗುಂಡನ್ನು ಗಟ್ಟಿಯಾಗಿ ಹಿಡಿದಿಲ್ಲದಿದ್ದರೆ ಗುಂಡು ಒಳಕ್ಕೆ ಜಾರಿ ಒತ್ತಡ ಏರಬಹುದು. ಮ್ಯಾಗಜಿನ್ ತುಂಬಿ, ಕೊನೆಯದೊಂದನ್ನು ಬಿಟ್ಟು ಉಳಿದವನ್ನು ಹೊಡೆಯಲಿ. ಕೊನೆಯದರ ಉದ್ದವನ್ನು ಮೊದಲೂ ಆಮೇಲೂ ಅಳೆಯಲಿ. ಕೂದಲೆಳೆಯಷ್ಟು ಕಡಿಮೆಯಾಗಿದ್ದರೂ ಕ್ರಿಂಪ್ (ಕೇಸಿನ ಬಾಯಿಯನ್ನು ಗುಂಡಿಗೆ ಒತ್ತಿ ಬಿಗಿ ಮಾಡಿದ್ದು) ಸರಿಯಿಲ್ಲ.

ಇನ್ನೊಂದು. ಬೇಟೆಗೆ ಒಯ್ಯುವ ಪ್ರತಿಯೊಂದು ಕಾಡತೂಸನ್ನೂ ಮುಂಚೆಯೇ ಚೇಂಬರಿಗೆ (ನಳಿಗೆಯ ಹಿಂದೆ ಕಾಡತೂಸು ಕೂರುವ ಜಾಗ) ಹಾಕಿ ತೆಗೆಯಬೇಕು. ಇದನ್ನು ರೇಂಜಿನಲ್ಲೇ ಮಾಡಬೇಕು, ನಳಿಗೆ ಮಣ್ಣಿನ ದಿಬ್ಬದ ಕಡೆಗಿರಬೇಕು. ಮನೆಯಲ್ಲಿ ಕೂಡದು. ಒಂದೇ ಒಂದು ಬಿಗಿಯಾದರೂ ಅದನ್ನು ಬದಿಗಿಡಲಿ. ಮೆತ್ತನೆ ತುದಿಯ ಗುಂಡು, ಸಾಲಿಡ್ (ತುದಿ ಅರಳದ ಗಟ್ಟಿ) ಗುಂಡು ಎರಡನ್ನೂ ಒಯ್ಯುವುದಾದರೆ ಎರಡೂ ಒಂದೇ ಜಾಗಕ್ಕೆ ಬೀಳುತ್ತವೆಯೇ ಅಂತ ನೋಡಲಿ. ಬೆಂಚಿನ ಮೇಲೆ ಕೂತು ಹೊಡೆದದ್ದಾಯಿತು, ಇನ್ನು ನಿಂತು ಹೊಡೆಯಲಿ. ನಳಿಗೆ ಪೂರ್ತಿ ತಣ್ಣಗಿರುವಾಗಿನ ಮೊದಲ ಗುಂಡು ಎಲ್ಲಿಗೆ ಹೋಯಿತು ಅಂತ ಬರೆದಿಟ್ಟುಕೊಳ್ಳಲಿ. ಬೇಟೆಯಲ್ಲಿ ಹಾರುವುದು ಅದೇ ಗುಂಡು, ಅಲ್ವಾ?

ಪ್ರಶ್ನೆ: ಬಿಸಿಲಿಗೆ ಕಾಡತೂಸಿನ ಶಕ್ತಿ ಬದಲಾಗುತ್ತದೆಯೇ? (ಮುಂಡರಗಿ, ಗದಗ ಜಿಲ್ಲೆ)

ಉತ್ತರ: ಬದಲಾಗುತ್ತದೆ. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಎಲ್ಲ ಮದ್ದಿನಲ್ಲೂ ಒಂದೇ ಸಮನಾಗಿ ಏರುವುದಿಲ್ಲ. ಬ್ರಿಟಿಷರ ಕಾಲದ ಕಾರ್ಡೈಟ್ ಮದ್ದಿಗೆ ಈ ಗುಣ ಬಹಳ ಜಾಸ್ತಿ. ಭಾರತದ, ಆಫ್ರಿಕಾದ ಸೆಕೆಯಲ್ಲಿ ಹೊಡೆದ ಕೇಸು ಚೇಂಬರಿಗೆ ಅಂಟಿಕೊಂಡು ಬೇಟೆಗಾರರು ಒದ್ದಾಡುತ್ತಿದ್ದರು. 1911ರಲ್ಲಿ ಬಂದ .416 ರಿಗ್ಬಿ ಕಾಡತೂಸಿನ ಕೇಸು ಅಷ್ಟು ದೊಡ್ಡದಾಗಿರುವುದು ಈ ಕಾರಣಕ್ಕೇ. ಒಳಗೆ ಜಾಗ ಹೆಚ್ಚಿದ್ದರೆ ಒತ್ತಡ ಕಡಿಮೆ ಇರುತ್ತದೆ. ನಿಮ್ಮ ಮುಂಡರಗಿಯ ಏಪ್ರಿಲ್ ಮಧ್ಯಾಹ್ನ ನೆನೆಸಿಕೊಳ್ಳಿ. ಚಳಿಗಾಲದ ಬೆಳಗ್ಗೆ ಗರಿಷ್ಠ ತೂಕದಲ್ಲಿ ಪಾಸಾದ ಕಾಡತೂಸು ಅಂಥ ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲಿದ್ದರೆ ಕಥೆಯೇ ಬೇರೆ. ಎಲ್ಲಿ ಬಳಸುತ್ತಾರೋ ಆ ಸೆಕೆಯಲ್ಲೇ ಪರೀಕ್ಷೆ ಆಗಬೇಕು. ಬೇಟೆಯ ದಿನ ಕಾಡತೂಸುಗಳನ್ನು ನೆರಳಿನಲ್ಲೇ ಇಡಬೇಕು.

ಪ್ರಶ್ನೆ: ಗ್ರೇನ್ ಅಂದರೆ ಎಷ್ಟು? (ನರಗುಂದ)

ಉತ್ತರ: ಒಂದು ಗ್ರಾಮಿಗೆ 15.43 ಗ್ರೇನ್. ಮೇಲೆ ಹೇಳಿದ 300 ಗ್ರೇನಿನ ಗುಂಡು 19.4 ಗ್ರಾಂ. ಅಂಗಡಿಯವರ ಹತ್ತು ಗ್ರಾಮಿನ ತೊಲದ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ತೊಲ ಬಂಗಾರದಷ್ಟು ತೂಕ.

ಪ್ರಶ್ನೆ: ಅಡವಿ ಹಂದಿಗಳು ಗೋವಿನಜೋಳ ಹಾಳು ಮಾಡುತ್ತಿವೆ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಇದೆ. ಮನೆಯಲ್ಲೇ ಕಾಡತೂಸು ತುಂಬಿ ಪರೀಕ್ಷೆ ಮಾಡಬಹುದೇ? (ಹಾನಗಲ್ಲ, ಹಾವೇರಿ ಜಿಲ್ಲೆ)

ಉತ್ತರ: ದಯವಿಟ್ಟು ಬೇಡ. ನಮೀಬಿಯಾದ ಕಾನೂನು ಬೇರೆ, ನಮ್ಮದು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕಾಡತೂಸು ತಯಾರಿಸುವುದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆಯೂ ಹೆಚ್ಚಾಗಿದೆ. ಹಂದಿಯನ್ನು ಕೊಲ್ಲುವುದಕ್ಕೂ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅನುಮತಿ ಇಲ್ಲದೆ ಹೊಡೆದರೆ ನೀವೇ ಆರೋಪಿ.

ಬೆಳೆದ ಬೆಳೆ ಒಂದೇ ರಾತ್ರಿಯಲ್ಲಿ ನೆಲ ಕಚ್ಚಿದಾಗ ಆಗುವ ಸಂಕಟ ನನಗೆ ಗೊತ್ತು. ನಮ್ಮದೂ ಹೊಲದ ಮನೆತನವೇ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಾಳಾದ ಜಾಗದ ಫೋಟೋ ಅವತ್ತೇ ತೆಗೆಯಿರಿ. ಹಂದಿಯ ಹೆಜ್ಜೆ ಗುರುತು ಇದ್ದರೆ ಅದನ್ನೂ ತೆಗೆಯಿರಿ. ಪಹಣಿ ಜೊತೆಗಿಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅವರು ಬಂದು ನೋಡುವವರೆಗೆ ಹೊಲ ಹರಗಬೇಡಿ.